ತರಗತಿಯ ಬೋಧನಾ ಸಹಾಯಕರಿಗೆ ಕೃತಕ ಬುದ್ಧಿಮತ್ತೆಯ ನೆರವು: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಪೀಠಿಕೆ

ಗ್ರಾಮ ಪಂಚಾಯಿತಿಯ ಸದಸ್ಯರು ಶಾಲೆಗೆ ಭೇಟಿ ನೀಡಿದಾಗ ಸಾಮಾನ್ಯವಾಗಿ ಕಟ್ಟಡ, ಕುಡಿಯುವ ನೀರು, ಶೌಚಾಲಯ, ಬಿಸಿಯೂಟ ಮತ್ತು ಆವರಣ ಗೋಡೆಯ ಸ್ಥಿತಿಗತಿಯನ್ನು ಪರಿಶೀಲಿಸುತ್ತಾರೆ. ಇವು ಕಣ್ಣಿಗೆ ಕಾಣುವ ಸಂಗತಿಗಳು. ನಾಲ್ಕನೆಯ ತರಗತಿಯ ಮಗುವೊಂದು ಎರಡನೆಯ ತರಗತಿಯ ಪಾಠವನ್ನು ಓದಲಾರದೆ ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತಿರುವುದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಅಂತಹ ಮಗುವಿನ ಪಕ್ಕದಲ್ಲಿ ಕುಳಿತು ಕಲಿಸಲು ಒಬ್ಬರು ಬೇಕು. ಹಾಗೆ ಕುಳಿತವರಿಗೆ ಏನನ್ನು, ಯಾವ ಕ್ರಮದಲ್ಲಿ ಕಲಿಸಬೇಕೆಂಬ ಸಿದ್ಧತೆಯೂ ಬೇಕು.

ಇತ್ತೀಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯ ಹೆಸರಿನಲ್ಲಿ ಆ್ಯಪ್, ಟ್ಯಾಬ್ ಮತ್ತು ಸ್ಮಾರ್ಟ್ ಫಲಕಗಳು ಶಾಲೆಗಳ ಬಾಗಿಲಿಗೆ ಬರತೊಡಗಿವೆ. ಇವುಗಳಿಂದ ಮಕ್ಕಳ ಕಲಿಕೆ ಹೆಚ್ಚುವುದೇ, ಇವುಗಳಿಗೆ ಸಾರ್ವಜನಿಕ ಹಣವನ್ನು ವಿನಿಯೋಗಿಸಬಹುದೇ ಎಂಬ ಪ್ರಶ್ನೆ ಪಂಚಾಯಿತಿ ಸಭೆಗಳ ಮುಂದೆಯೂ ಬರುವುದು ಸಹಜ. ಸಂವಿಧಾನದ 243ಜಿ ವಿಧಿ ಮತ್ತು ಹನ್ನೊಂದನೆಯ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳನ್ನೊಳಗೊಂಡ ಶಿಕ್ಷಣವನ್ನೂ ಗ್ರಂಥಾಲಯಗಳನ್ನೂ ಹೆಸರಿಸಿದೆ. ಆದ್ದರಿಂದ ಈ ವಿಷಯದ ಸ್ಥೂಲ ತಿಳಿವಳಿಕೆ ಪ್ರತಿಯೊಬ್ಬ ಸದಸ್ಯರಿಗೂ ಅವಶ್ಯ. ಈ ಲೇಖನವು ಕೃತಕ ಬುದ್ಧಿಮತ್ತೆಯ ಸಾಧನವು ಬೋಧನಾ ಸಹಾಯಕರಿಗೆ ಯಾವ ರೀತಿಯಲ್ಲಿ ನೆರವಾಗಬಲ್ಲದು, ಎಲ್ಲಿ ಹಾನಿ ಮಾಡಬಲ್ಲದು ಮತ್ತು ಗ್ರಾಮ ಪಂಚಾಯಿತಿಯು ತನ್ನ ವ್ಯಾಪ್ತಿಯಲ್ಲಿ ಏನು ಮಾಡಬಹುದು ಎಂಬುದನ್ನು ವಿವರಿಸುತ್ತದೆ.

1. ಬೋಧನಾ ಸಹಾಯಕರೆಂದರೆ ಯಾರು?

ಇಂಗ್ಲೆಂಡ್, ಅಮೆರಿಕ ಮುಂತಾದ ದೇಶಗಳಲ್ಲಿ ತರಗತಿಯ ಶಿಕ್ಷಕರಿಗೆ ನೆರವಾಗಲು ಬೋಧನಾ ಸಹಾಯಕರೆಂಬ ಪ್ರತ್ಯೇಕ ಹುದ್ದೆಗಳಿವೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಸಹ ಶಿಕ್ಷಕರು ಎಂದರೆ ಪೂರ್ಣ ಪ್ರಮಾಣದ ಶಿಕ್ಷಕರೇ ಹೊರತು ಸಹಾಯಕರಲ್ಲ. ಆದರೆ ಸಹಾಯಕರು ಮಾಡುವಂತಹ ಕೆಲಸವನ್ನು ನಮ್ಮ ಹಳ್ಳಿಗಳಲ್ಲಿ ಹಲವರು ಮಾಡುತ್ತಿದ್ದಾರೆ. ಶಾಲೆಯ ಹಿಂದುಳಿದ ಮಕ್ಕಳಿಗೆ ಸಂಜೆ ಪಾಠ ಹೇಳುವ ಪದವೀಧರ ಯುವತಿ, ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತರು, ಅರಿವು ಕೇಂದ್ರದಲ್ಲಿ ಮಕ್ಕಳಿಂದ ಪುಸ್ತಕ ಓದಿಸುವ ಗ್ರಂಥಾಲಯ ಮೇಲ್ವಿಚಾರಕರು, ಅಂಗನವಾಡಿ ಸಹಾಯಕಿ ಇವರೆಲ್ಲರೂ ಈ ಸಾಲಿಗೆ ಸೇರುತ್ತಾರೆ. ಅತಿಥಿ ಶಿಕ್ಷಕರು ಖಾಲಿ ಹುದ್ದೆಯ ಎದುರು ನೇಮಕಗೊಂಡು ಪೂರ್ಣ ತರಗತಿಯನ್ನೇ ನಿರ್ವಹಿಸುತ್ತಾರಾದರೂ, ತಾತ್ಕಾಲಿಕ ನೇಮಕಾತಿ ಮತ್ತು ಸೀಮಿತ ತರಬೇತಿಯ ಕಾರಣದಿಂದ ಸಿದ್ಧತೆಯ ವಿಷಯದಲ್ಲಿ ಅವರ ಕಷ್ಟವೂ ಇಂತಹುದೇ ಆಗಿದೆ. ಈ ಲೇಖನದಲ್ಲಿ ಇವರೆಲ್ಲರನ್ನೂ ಒಟ್ಟಾಗಿ ಬೋಧನಾ ಸಹಾಯಕರು ಎಂದು ಕರೆಯಲಾಗಿದೆ.

ಇವರ ಅಗತ್ಯ ಏಕೆ ಉಂಟಾಗಿದೆ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಶಿಕ್ಷಣ ಹಕ್ಕು ಅಧಿನಿಯಮ, 2009ರ ಅನುಸೂಚಿಯ ಪ್ರಕಾರ 1ರಿಂದ 5ನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಈ ನಿಯಮ ಸಂಪೂರ್ಣವಾಗಿ ಪಾಲನೆಯಾದರೂ ಚಿಕ್ಕ ಶಾಲೆಯೊಂದರಲ್ಲಿ ಐದು ತರಗತಿಗಳನ್ನು ಇಬ್ಬರೇ ನೋಡಿಕೊಳ್ಳಬೇಕಾಗುತ್ತದೆ. ಒಬ್ಬರು ರಜೆಯ ಮೇಲೆ ಅಥವಾ ತರಬೇತಿಗೆ ತೆರಳಿದ ದಿನ ಐದು ತರಗತಿಗಳೂ ಒಬ್ಬರ ಪಾಲಿಗೆ ಬರುತ್ತವೆ. ಬಹುವರ್ಗ ಬೋಧನೆ ಎಂಬ ಈ ಸ್ಥಿತಿಯಲ್ಲಿ ಹಿಂದುಳಿದ ಮಗುವಿಗೆ ಪ್ರತ್ಯೇಕ ಗಮನ ನೀಡಲು ಶಿಕ್ಷಕರಿಗೆ ಮನಸ್ಸಿದ್ದರೂ ಸಮಯವಿರುವುದಿಲ್ಲ.

2. ಸಹಾಯಕರಿಂದ ಕಲಿಕೆ ಹೆಚ್ಚುವುದು ಯಾವಾಗ?

ಈ ಪ್ರಶ್ನೆಗೆ ಉತ್ತರ ನೀಡುವ ಎರಡು ಅನುಭವಗಳು ದಾಖಲಾಗಿವೆ. ಯಂತ್ರದ ವಿಚಾರಕ್ಕೆ ಹೋಗುವ ಮೊದಲು ಇವುಗಳನ್ನು ಗಮನಿಸುವುದು ಸೂಕ್ತ.

ಮೊದಲನೆಯದು ನಮ್ಮ ದೇಶದ್ದೇ. ಪ್ರಥಮ್ ಸಂಸ್ಥೆಯು ಮುಂಬಯಿ ಮತ್ತು ವಡೋದರದ ಪಾಲಿಕೆ ಶಾಲೆಗಳಲ್ಲಿ ಬಾಲಸಖಿ ಎಂಬ ಕಾರ್ಯಕ್ರಮವನ್ನು ನಡೆಸಿತು. ಅದೇ ಬಡಾವಣೆಯ, ಪ್ರೌಢ ಶಿಕ್ಷಣ ಮುಗಿಸಿದ ಯುವತಿಯರನ್ನು ನೇಮಿಸಿ, 3 ಮತ್ತು 4ನೆಯ ತರಗತಿಯ ಹಿಂದುಳಿದ ಮಕ್ಕಳನ್ನು 15ರಿಂದ 20ರ ಗುಂಪುಗಳಾಗಿ ದಿನಕ್ಕೆ ಎರಡು ಗಂಟೆ ಪ್ರತ್ಯೇಕವಾಗಿ ಕೂರಿಸಿ ಓದು ಮತ್ತು ಲೆಕ್ಕದ ಮೂಲಪಾಠವನ್ನು ಕಲಿಸಲಾಯಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಹಸಂಶೋಧಕರು ಇದನ್ನು ಅಧ್ಯಯನ ಮಾಡಿ 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಕ್ಕಳ ಕಲಿಕೆಯಲ್ಲಿ ಸ್ಪಷ್ಟ ಸುಧಾರಣೆ ಕಂಡುಬಂದಿತ್ತು. ಅದರಲ್ಲಿಯೂ ತೀರ ಹಿಂದುಳಿದ ಮಕ್ಕಳಿಗೆ ಹೆಚ್ಚಿನ ಲಾಭವಾಗಿತ್ತು. ಬಾಲಸಖಿಯರು ಶಿಕ್ಷಕ ಪದವಿ ಪಡೆದವರಲ್ಲ. ಆದರೆ ಅವರಿಗೆ ಆರಂಭದಲ್ಲಿ ತರಬೇತಿ, ನಿಶ್ಚಿತ ಪಠ್ಯಕ್ರಮ ಮತ್ತು ನಿರಂತರ ಮಾರ್ಗದರ್ಶನ ದೊರೆತಿತ್ತು.

ಎರಡನೆಯದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಅನುಭವ. ಪೀಟರ್ ಬ್ಲಾಚ್‌ಫರ್ಡ್ ಮತ್ತು ಸಂಗಡಿಗರು 2003ರಿಂದ ಹಲವು ವರ್ಷ ನಡೆಸಿದ ಅಧ್ಯಯನದಲ್ಲಿ ಅನಿರೀಕ್ಷಿತವಾದ ಒಂದು ಅಂಶ ಹೊರಬಿತ್ತು. ಬೋಧನಾ ಸಹಾಯಕರ ನೆರವನ್ನು ಅತಿ ಹೆಚ್ಚು ಪಡೆದ ಮಕ್ಕಳು, ಅವರಂತೆಯೇ ಇದ್ದ ಇತರ ಮಕ್ಕಳಿಗಿಂತ ಕಡಿಮೆ ಪ್ರಗತಿ ಸಾಧಿಸಿದ್ದರು. ಸಂಶೋಧಕರು ಇದರ ಹೊಣೆಯನ್ನು ಸಹಾಯಕರ ಮೇಲೆ ಹಾಕಲಿಲ್ಲ. ಶಿಕ್ಷಕರೊಡನೆ ಕುಳಿತು ಪಾಠವನ್ನು ಯೋಜಿಸಲು ಸಹಾಯಕರಿಗೆ ಸಮಯ ದೊರೆಯುತ್ತಿರಲಿಲ್ಲ. ತರಗತಿಯೊಳಗೆ ಬಂದ ಮೇಲೆಯೇ ಆ ದಿನದ ಪಾಠ ಯಾವುದೆಂದು ಅವರಿಗೆ ತಿಳಿಯುತ್ತಿತ್ತು. ಮಗುವಿಗೆ ಯೋಚಿಸಲು ಅವಕಾಶ ಕೊಡದೆ ಕೆಲಸ ಮುಗಿಸಿಬಿಡುವ, ಉತ್ತರವನ್ನು ತಾವೇ ಹೇಳಿಬಿಡುವ ಪ್ರವೃತ್ತಿ ಅವರಲ್ಲಿ ಬೆಳೆದಿತ್ತು. ಮಗುವಿಗೆ ಶಿಕ್ಷಕರೊಡನೆ ದೊರೆಯಬೇಕಾದ ಸಮಯವೂ ಇದರಿಂದ ಕಡಿಮೆಯಾಗಿತ್ತು.

ಸಿದ್ಧತೆಯೊಂದಿಗೆ ಬಂದ ಸಹಾಯಕರಿಂದ ಮಗು ಕಲಿಯುತ್ತದೆ. ಸಿದ್ಧತೆಯಿಲ್ಲದವರಿಂದ ಮಗುವಿಗೆ ನಷ್ಟವೂ ಆಗಬಹುದು. ಕೃತಕ ಬುದ್ಧಿಮತ್ತೆಯ ನೆರವನ್ನು ಅಳೆಯಬೇಕಾದದ್ದು ಈ ಮಾನದಂಡದಿಂದಲೇ.

3. ಯಂತ್ರ ಕೆಲಸ ಮಾಡುವ ಬಗೆ

ಇಂದು ಕೃತಕ ಬುದ್ಧಿಮತ್ತೆ ಎಂದು ಹೆಚ್ಚಾಗಿ ಕರೆಯಲಾಗುತ್ತಿರುವುದು ಭಾಷಾ ಮಾದರಿಗಳನ್ನು. ಅಪಾರ ಪ್ರಮಾಣದ ಬರಹವನ್ನು ಕಂಪ್ಯೂಟರಿಗೆ ಒದಗಿಸಿ, ಒಂದು ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಗಣಿತದ ಮೂಲಕ ಅದಕ್ಕೆ ಅಭ್ಯಾಸ ಮಾಡಿಸಲಾಗುತ್ತದೆ. ಪ್ರಶ್ನೆ ಕೇಳಿದಾಗ ಅದು ಆ ಅಭ್ಯಾಸದ ಬಲದಿಂದ ಪದದ ಮೇಲೆ ಪದವನ್ನು ಜೋಡಿಸಿ ಉತ್ತರವನ್ನು ರಚಿಸುತ್ತದೆ. ಕಡತದಿಂದ ದಾಖಲೆ ತೆಗೆದು ಓದುವ ಗುಮಾಸ್ತರಂತೆ ಅದು ಕೆಲಸ ಮಾಡುವುದಿಲ್ಲ. ಬಹಳ ಓದಿರುವ, ಆದರೆ ತನಗೆ ಗೊತ್ತಿಲ್ಲವೆಂದು ಹೇಳಲು ಹಿಂಜರಿಯುವ ವ್ಯಕ್ತಿಗೆ ಅದನ್ನು ಹೋಲಿಸಬಹುದು. ಆದ್ದರಿಂದ ಅದರ ಉತ್ತರವು ಸರಿಯಿದ್ದಾಗಲೂ ತಪ್ಪಿದ್ದಾಗಲೂ ಭಾಷೆ ಒಂದೇ ರೀತಿಯಲ್ಲಿ ನಯವಾಗಿಯೂ ಆತ್ಮವಿಶ್ವಾಸದಿಂದ ಕೂಡಿಯೂ ಇರುತ್ತದೆ. ಓದುವವರು ಭಾಷೆಯ ನಯವನ್ನೇ ಸತ್ಯದ ಗುರುತೆಂದು ಭಾವಿಸುವ ಅಪಾಯ ಇಲ್ಲಿದೆ.

ಕನ್ನಡದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅಂತರ್ಜಾಲದಲ್ಲಿ ಇಂಗ್ಲಿಷಿನಷ್ಟು ಕನ್ನಡ ಬರಹವಿಲ್ಲದ ಕಾರಣ ಯಂತ್ರದ ಕನ್ನಡ ಕೆಲವೊಮ್ಮೆ ಅನುವಾದದಂತೆ ಕೇಳಿಸುತ್ತದೆ. ಮಕ್ಕಳು ಬಳಸದ ಪದಗಳು ನುಸುಳುತ್ತವೆ. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಭಾಷಿಣಿ ಯೋಜನೆ ಮತ್ತು ಐಐಟಿ ಮದ್ರಾಸಿನ ಎಐ4ಭಾರತ್ ಕೇಂದ್ರದ ಕೆಲಸದಿಂದ ಭಾರತೀಯ ಭಾಷೆಗಳ ಸ್ಥಿತಿ ಸುಧಾರಿಸುತ್ತಿದೆ. ಆದರೆ ಲಂಬಾಣಿ ತಾಂಡಾದಿಂದ ಬರುವ ಮಗುವಿನ ಮಾತು, ಕರಾವಳಿಯ ತುಳು, ಕೊಡಗಿನ ಕೊಡವ ತಕ್ಕ್ ಮುಂತಾದವುಗಳಲ್ಲಿ ಯಂತ್ರದ ಸಾಮರ್ಥ್ಯ ಇನ್ನೂ ಸೀಮಿತ. ಅದೇ ತಾಂಡಾದ ಸಹಾಯಕಿಗೆ ಮಗುವಿನ ಮನೆಮಾತು ಸಹಜವಾಗಿ ತಿಳಿದಿರುತ್ತದೆ. ಈ ಜ್ಞಾನವನ್ನು ಯಾವ ಆ್ಯಪ್ ಕೂಡ ಸದ್ಯಕ್ಕೆ ಕೊಡಲಾರದು.

4. ಸಾಧನವು ಯಾರ ಕೈಯಲ್ಲಿರಬೇಕು?

ಈ ಪ್ರಶ್ನೆಯ ಬಗ್ಗೆ ವಿದೇಶಗಳಲ್ಲಿ ನಡೆದ ಎರಡು ಪ್ರಯೋಗಗಳು ಬಹಳ ಉಪಯುಕ್ತವಾದ ತಿಳಿವಳಿಕೆಯನ್ನು ನೀಡಿವೆ.

ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು 1,000 ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗದ ವಿವರ 2024ರಲ್ಲಿ ಹೊರಬಂದಿತು. ಗಣಿತದ ಅಭ್ಯಾಸ ಮಾಡುವಾಗ ಒಂದು ಗುಂಪಿನ ಮಕ್ಕಳಿಗೆ ಸಾಮಾನ್ಯ ಚಾಟ್‌ಬಾಟ್ ನೇರವಾಗಿ ದೊರೆಯುವಂತೆ ಮಾಡಲಾಗಿತ್ತು. ಅಭ್ಯಾಸದ ಹೊತ್ತಿನಲ್ಲಿ ಅವರ ಸಾಧನೆ 48 ಶೇಕಡಾ ಹೆಚ್ಚಿತು. ಆದರೆ ಯಂತ್ರವನ್ನು ತೆಗೆದುಕೊಂಡು ಪರೀಕ್ಷೆ ನಡೆಸಿದಾಗ, ಯಂತ್ರವನ್ನೇ ಬಳಸದ ಮಕ್ಕಳಿಗಿಂತ ಅವರ ಸಾಧನೆ 17 ಶೇಕಡಾ ಕಡಿಮೆಯಿತ್ತು. ಅವರು ಉತ್ತರವನ್ನು ಪಡೆದಿದ್ದರೇ ಹೊರತು ವಿಧಾನವನ್ನು ಕಲಿತಿರಲಿಲ್ಲ. ಶಿಕ್ಷಕರು ರೂಪಿಸಿದ ಸುಳಿವುಗಳನ್ನು ಮಾತ್ರ ನೀಡಿ, ನೇರ ಉತ್ತರ ಹೇಳದಂತೆ ಕಟ್ಟುಪಾಡು ಹಾಕಿದ್ದ ಯಂತ್ರವನ್ನು ಬಳಸಿದ ಮತ್ತೊಂದು ಗುಂಪಿನಲ್ಲಿ ಈ ಹಾನಿ ಬಹುಮಟ್ಟಿಗೆ ತಪ್ಪಿತು.

ಅದೇ 2024ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೊಂದು ಕ್ರಮವನ್ನು ಪರೀಕ್ಷಿಸಿದರು. ಅಲ್ಲಿ ಯಂತ್ರವನ್ನು ಮಕ್ಕಳಿಗೆ ಕೊಡಲಿಲ್ಲ. ಅವರಿಗೆ ಆನ್‌ಲೈನ್ ಮೂಲಕ ಗಣಿತ ಹೇಳಿಕೊಡುವ ಸುಮಾರು 900 ಮಂದಿ ಬೋಧಕರಿಗೆ ಕೊಟ್ಟರು. ಮಗು ತಪ್ಪು ಮಾಡಿದಾಗ ಮುಂದೆ ಯಾವ ಪ್ರಶ್ನೆ ಕೇಳಬಹುದು, ಯಾವ ಸುಳಿವು ಕೊಡಬಹುದು ಎಂದು ಯಂತ್ರವು ಬೋಧಕರಿಗೆ ಸೂಚಿಸುತ್ತಿತ್ತು. ಅದನ್ನು ಬಳಸುವುದು, ತಿದ್ದುವುದು ಅಥವಾ ಬಿಡುವುದು ಬೋಧಕರ ವಿವೇಚನೆಗೆ ಸೇರಿತ್ತು. 1,800 ಮಕ್ಕಳನ್ನೊಳಗೊಂಡ ಈ ಪ್ರಯೋಗದಲ್ಲಿ ಪಾಠವನ್ನು ಕರಗತ ಮಾಡಿಕೊಂಡವರ ಪ್ರಮಾಣ ಸರಾಸರಿ 4 ಶೇಕಡಾ ಅಂಶಗಳಷ್ಟು ಹೆಚ್ಚಿತು. ಬೋಧನಾ ಗುಣಮಟ್ಟದಲ್ಲಿ ಕೆಳಗಿನ ಶ್ರೇಣಿಯಲ್ಲಿದ್ದ ಬೋಧಕರ ಮಕ್ಕಳಲ್ಲಿ ಈ ಹೆಚ್ಚಳ 9 ಅಂಶಗಳವರೆಗೆ ಇತ್ತು. ನೆರವು ಪಡೆದ ಬೋಧಕರು ಉತ್ತರವನ್ನು ತಾವೇ ಹೇಳಿಬಿಡುವುದು ಕಡಿಮೆಯಾಗಿ, ಮಗುವನ್ನು ಯೋಚನೆಗೆ ಹಚ್ಚುವ ಪ್ರಶ್ನೆಗಳು ಹೆಚ್ಚಿದ್ದವು. ವೆಚ್ಚವು ಒಬ್ಬ ಬೋಧಕರಿಗೆ ವರ್ಷಕ್ಕೆ ಸುಮಾರು 20 ಡಾಲರ್ ಆಗಿತ್ತು. ಕೆಲವು ಸೂಚನೆಗಳು ಮಗುವಿನ ತರಗತಿಯ ಮಟ್ಟಕ್ಕೆ ಹೊಂದುತ್ತಿರಲಿಲ್ಲವೆಂದು ಬೋಧಕರು ದೂರಿದ್ದನ್ನೂ ಸಂಶೋಧಕರು ದಾಖಲಿಸಿದ್ದಾರೆ.

ಇವೆರಡನ್ನೂ ಜೊತೆಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಒಂದೇ ಬಗೆಯ ಸಾಧನವು ಮಗುವಿನ ಕೈಯಲ್ಲಿ ಅಂಕೆಯಿಲ್ಲದೆ ಇದ್ದಾಗ ಕಲಿಕೆಯನ್ನು ಕುಂದಿಸಿತು. ಕಲಿಸುವವರ ಕೈಯಲ್ಲಿದ್ದಾಗ ಕಲಿಕೆಯನ್ನು ಹೆಚ್ಚಿಸಿತು. ಯುನೆಸ್ಕೊ ಸಂಸ್ಥೆಯು 2023ರಲ್ಲಿ ಹೊರಡಿಸಿದ ಮಾರ್ಗದರ್ಶಿಯು ತರಗತಿಯಲ್ಲಿ ಇಂತಹ ಸಾಧನಗಳನ್ನು ಬಳಸಲು ಮಕ್ಕಳಿಗೆ ಕನಿಷ್ಠ 13 ವರ್ಷ ತುಂಬಿರಬೇಕೆಂಬ ಮಿತಿಯನ್ನು ಸೂಚಿಸಿರುವುದನ್ನೂ ಇಲ್ಲಿ ಗಮನಿಸಬಹುದು. ನಮ್ಮ ಕಿರಿಯ ಪ್ರಾಥಮಿಕ ಶಾಲೆಗಳ ಮಕ್ಕಳು ಈ ವಯಸ್ಸಿಗಿಂತ ಕೆಳಗಿನವರು.

ಕರ್ನಾಟಕದಲ್ಲಿಯೂ ಈ ದಿಕ್ಕಿನ ಪ್ರಯತ್ನ ನಡೆದಿದೆ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಮತ್ತು ಶಿಕ್ಷಣ ಫೌಂಡೇಷನ್ ಜಂಟಿಯಾಗಿ ರೂಪಿಸಿದ ಶಿಕ್ಷಾ ಕೋಪೈಲಟ್ ಎಂಬ ಸಾಧನವನ್ನು 2023ರಲ್ಲಿ ಬೆಂಗಳೂರು ಮತ್ತು ಸುತ್ತಮುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಪ್ರಾಯೋಗಿಕವಾಗಿ ಬಳಸಲಾಯಿತು. ಶಿಕ್ಷಕರು ಪಾಠದ ಹೆಸರನ್ನು ತಿಳಿಸಿದರೆ ಪಠ್ಯಪುಸ್ತಕವನ್ನು ಆಧರಿಸಿ ಪಾಠಯೋಜನೆ, ಚಟುವಟಿಕೆ ಮತ್ತು ಪ್ರಶ್ನೆಗಳನ್ನು ಅದು ಸಿದ್ಧಪಡಿಸುತ್ತದೆ. ಶಿಕ್ಷಕರು ಅದನ್ನು ತಿದ್ದಿ ಬಳಸುತ್ತಾರೆ. ಇಲ್ಲಿಯೂ ಯಂತ್ರವು ಶಿಕ್ಷಕರ ಮೇಜಿನ ಮೇಲಿದೆಯೇ ಹೊರತು ಮಗುವಿನ ಮುಂದಿಲ್ಲ.

5. ಒಂದು ತರಗತಿಯ ಉದಾಹರಣೆ

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕಿರಿಯ ಪ್ರಾಥಮಿಕ ಶಾಲೆಯನ್ನು ಊಹಿಸಿಕೊಳ್ಳಬಹುದು. ನಾಲ್ಕನೆಯ ತರಗತಿಯ ಮಗುವೊಂದು ಸ್ಲೇಟಿನ ಮೇಲೆ 52ರಲ್ಲಿ 27 ಕಳೆದು 35 ಎಂದು ಬರೆದಿದೆ. ಸಿದ್ಧತೆಯಿಲ್ಲದ ಸಹಾಯಕಿ ಅದನ್ನು ತಪ್ಪೆಂದು ಗುರುತಿಸಿ, ಸರಿಯುತ್ತರ 25 ಎಂದು ಬರೆದುಕೊಟ್ಟು ಮುಂದಿನ ಮಗುವಿನ ಬಳಿಗೆ ಹೋಗುತ್ತಾರೆ. ಮಗು 25 ಎಂದು ತಿದ್ದಿಕೊಳ್ಳುತ್ತದೆ. ಮರುದಿನ 63ರಲ್ಲಿ 38 ಕಳೆಯಲು ಕೊಟ್ಟರೆ ಮತ್ತೆ 35 ಎಂದು ಬರೆಯುತ್ತದೆ.

ಸಹಾಯಕಿಯು ಅದೇ ಸಂಜೆ ಮಗುವಿನ ಹೆಸರನ್ನು ಹೇಳದೆ, ಲೆಕ್ಕವನ್ನೂ ಉತ್ತರವನ್ನೂ ಮಾತ್ರ ಯಂತ್ರಕ್ಕೆ ತಿಳಿಸಿ, ಈ ತಪ್ಪಿಗೆ ಕಾರಣವೇನಿರಬಹುದೆಂದು ಕೇಳಿದರೆ ಉಪಯುಕ್ತ ಉತ್ತರ ದೊರೆಯುವ ಸಾಧ್ಯತೆಯಿದೆ. ಮಗು ಬಿಡಿಯ ಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲವೆಂದು 7ರಿಂದ 2ನ್ನು ಕಳೆದಿದೆ. ಅಂದರೆ ಮೇಲಿನ ಅಂಕಿ, ಕೆಳಗಿನ ಅಂಕಿ ಎಂಬ ಭೇದವಿಲ್ಲದೆ ದೊಡ್ಡದರಿಂದ ಚಿಕ್ಕದನ್ನು ಕಳೆಯುವುದೇ ನಿಯಮವೆಂದು ತಿಳಿದಿದೆ. ಇದು ಅಜಾಗರೂಕತೆಯ ತಪ್ಪಲ್ಲ, ಹತ್ತರ ಕಟ್ಟನ್ನು ಬಿಡಿಸುವ ಕಲ್ಪನೆ ಇನ್ನೂ ಮೂಡದಿರುವುದರ ಗುರುತು. ಕಡ್ಡಿಗಳನ್ನು ಹತ್ತರಂತೆ ಕಟ್ಟಿ, ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿಗಳನ್ನು ಮಗುವಿನ ಮುಂದಿಟ್ಟು, ಏಳು ಬಿಡಿ ಕಡ್ಡಿಗಳನ್ನು ಕೊಡುವಂತೆ ಕೇಳುವುದು ಒಂದು ವಿಧಾನ. ಆಗ ಮಗು ತಾನಾಗಿಯೇ ಒಂದು ಕಟ್ಟನ್ನು ಬಿಚ್ಚುತ್ತದೆ. ನಲಿ–ಕಲಿ ತರಗತಿಗಳಲ್ಲಿ ಕೆಲಸ ಮಾಡಿದ ಶಿಕ್ಷಕರಿಗೆ ಈ ವಿಧಾನ ಹೊಸದಲ್ಲ. ಹೊಸದಾಗಿ ಬಂದ ಸಹಾಯಕಿಗೆ ಅದನ್ನು ಅಗತ್ಯವಾದ ಸಂಜೆಯೇ ನೆನಪಿಸುವವರು ಇರುವುದಿಲ್ಲ. ಯಂತ್ರವು ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಬಲ್ಲದು.

ಅನಂತರ ಇದೇ ಬಗೆಯ ಹತ್ತು ಲೆಕ್ಕಗಳನ್ನು ಕೊಡುವಂತೆ ಯಂತ್ರವನ್ನು ಕೇಳಬಹುದು. ಇಲ್ಲಿ ಪರಿಶೀಲನೆ ಅನಿವಾರ್ಯ. ಹತ್ತರಲ್ಲಿ ಒಂದು 64ರಿಂದ 31 ಕಳೆಯುವ ಲೆಕ್ಕವಾಗಿದ್ದರೆ ಅಲ್ಲಿ ಕಟ್ಟು ಬಿಡಿಸುವ ಅಗತ್ಯವೇ ಇಲ್ಲ. ಆ ಲೆಕ್ಕದಿಂದ ಮಗುವಿನ ತಪ್ಪು ತಿದ್ದುವುದಿಲ್ಲ. ವಾಕ್ಯರೂಪದ ಲೆಕ್ಕಗಳಲ್ಲಿ ಮಗು ಎಂದೂ ಕಾಣದ ಹಣ್ಣು ಅಥವಾ ಅಂಗಡಿಯ ಹೆಸರು ಬಂದಿದ್ದರೆ ಅದನ್ನು ತೆಗೆದು ಜೋಳದ ಚೀಲ, ಹಾಲಿನ ಡೇರಿ, ಬಸ್ಸಿನ ಟಿಕೆಟ್ ಎಂದು ಬದಲಿಸಬೇಕು. ಹೀಗೆ ತಿದ್ದಿದ ಹಾಳೆಯನ್ನು ಮುಖ್ಯ ಶಿಕ್ಷಕರು ಒಮ್ಮೆ ನೋಡಿದ ನಂತರ ಮುದ್ರಿಸಿ ಮಕ್ಕಳಿಗೆ ಕೊಡಬೇಕು. ಮರುದಿನ ತರಗತಿಯಲ್ಲಿ ಮಗುವಿನ ಮುಂದೆ ಇರುವುದು ಸಹಾಯಕಿ, ಕಡ್ಡಿಗಳ ಕಟ್ಟು ಮತ್ತು ಒಂದು ಹಾಳೆ. ಯಂತ್ರದ ಕೆಲಸ ಹಿಂದಿನ ಸಂಜೆಯೇ ಮುಗಿದಿರುತ್ತದೆ.

ಇದೇ ಕ್ರಮದಲ್ಲಿ ಒಂದು ಕಥೆಯನ್ನು ಮೂರು ಮಟ್ಟದ ಓದುಗರಿಗೆ ಹೊಂದುವಂತೆ ಚಿಕ್ಕದಾಗಿ, ಸರಳವಾಗಿ ಬರೆಸಿಕೊಳ್ಳುವುದು, ಪಾಠದ ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಪಟ್ಟಿ ಮಾಡಿಕೊಳ್ಳುವುದು, ಬಹುವರ್ಗ ತರಗತಿಯಲ್ಲಿ ಒಂದು ಗುಂಪಿಗೆ ಪಾಠ ನಡೆಯುವಾಗ ಉಳಿದ ಗುಂಪುಗಳಿಗೆ ಕೊಡಬಹುದಾದ ಕೆಲಸವನ್ನು ಯೋಜಿಸುವುದು ಮುಂತಾದವುಗಳಿಗೂ ಸಾಧನವನ್ನು ಬಳಸಬಹುದು.

6. ಎಚ್ಚರ ವಹಿಸಬೇಕಾದ ಅಂಶಗಳು

(ಅ) ಮಕ್ಕಳ ಮಾಹಿತಿ: ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ಪ್ರಕಾರ 18 ವರ್ಷದೊಳಗಿನವರೆಲ್ಲರೂ ಮಕ್ಕಳು. ಅವರ ಮಾಹಿತಿಯನ್ನು ಬಳಸಲು ಪೋಷಕರ ಪರಿಶೀಲಿಸಬಹುದಾದ ಸಮ್ಮತಿ ಬೇಕೆಂದು ಅಧಿನಿಯಮವು ಹೇಳುತ್ತದೆ. ಶಿಕ್ಷಣ ಸಂಸ್ಥೆಗಳಿಗೆ ನಿಯಮಗಳಲ್ಲಿ ಕೆಲವು ವಿನಾಯಿತಿಗಳಿದ್ದರೂ, ಮಗುವಿನ ಹೆಸರು, ಭಾವಚಿತ್ರ, ಜಾತಿ, ಆರೋಗ್ಯ, ಆಧಾರ್ ಸಂಖ್ಯೆ ಅಥವಾ ಮನೆಯ ಪರಿಸ್ಥಿತಿಯನ್ನು ಯಾವುದೇ ಚಾಟ್‌ಬಾಟ್‌ಗೆ ನಮೂದಿಸುವ ಅಗತ್ಯ ಬೋಧನಾ ಸಹಾಯಕರಿಗೆ ಇಲ್ಲ. ಮೇಲಿನ ಉದಾಹರಣೆಯಲ್ಲಿ ಬೇಕಾದದ್ದು ಮಗುವಿನ ತಪ್ಪಿನ ಸ್ವರೂಪ ಮಾತ್ರ.

(ಆ) ಮಗುವಿಗೆ ಹಣೆಪಟ್ಟಿ: ಯಾವ ಮಗು ಜಾಣ, ಯಾವುದು ಮಂದ ಎಂದು ನಿರ್ಧರಿಸುವ ಕೆಲಸವನ್ನು ಯಂತ್ರಕ್ಕೆ ವಹಿಸಬಾರದು. ಹಸಿದು ಬಂದ ಮಗು, ಕಣ್ಣು ಮಂಜಾದ ಮಗು, ಮನೆಮಾತು ಬೇರೆಯಾದ ಮಗು ಒಂದೇ ರೀತಿಯ ತಪ್ಪು ಉತ್ತರವನ್ನು ಬರೆಯಬಹುದು. ಕಾರಣವನ್ನು ಗುರುತಿಸುವುದು ಮಗುವನ್ನು ದಿನವೂ ನೋಡುವವರಿಂದ ಮಾತ್ರ ಸಾಧ್ಯ.

(ಇ) ಹುದ್ದೆಗೆ ಬದಲಿಯಲ್ಲ: ಶಾಲೆಗೆ ಟ್ಯಾಬ್ ಅಥವಾ ಆ್ಯಪ್ ಬಂದಿದೆ ಎಂಬುದು ಖಾಲಿ ಹುದ್ದೆಯನ್ನು ತುಂಬದಿರಲು ಕಾರಣವಾಗಬಾರದು. ಶಿಕ್ಷಕ–ವಿದ್ಯಾರ್ಥಿ ಪ್ರಮಾಣವು ಶಾಸನದಲ್ಲಿ ನಿಗದಿಯಾಗಿರುವ ಹಕ್ಕು. ಖಾಲಿ ಹುದ್ದೆಗಳ ಬಗ್ಗೆ ಕ್ಷೇತ್ರ ಶಿಕ್ಷಣಾಧಿಕಾರಿಯವರಿಗೆ ಬರೆಯುವ ಪತ್ರವು ಯಂತ್ರ ಬಂದ ನಂತರವೂ ಮುಂದುವರಿಯಬೇಕು.

(ಈ) ಸಹಾಯಕರ ಮೇಲಿನ ಹೊರೆ: ಸ್ವಂತ ಮೊಬೈಲ್, ಸ್ವಂತ ಡೇಟಾ, ಸ್ವಂತ ಸಂಜೆಯ ಸಮಯ ಇವೆಲ್ಲವನ್ನೂ ಅಲ್ಪ ಗೌರವಧನದ ಸಹಾಯಕರಿಂದಲೇ ನಿರೀಕ್ಷಿಸಿದರೆ ಸಾಧನವು ನೆರವಾಗದೆ ಹೊರೆಯಾಗುತ್ತದೆ. ಸಿದ್ಧತೆಗೆ ಶಾಲಾ ವೇಳೆಯಲ್ಲಿಯೇ ಸ್ವಲ್ಪ ಸಮಯ ಮೀಸಲಿರಿಸುವಂತೆ ಮುಖ್ಯ ಶಿಕ್ಷಕರೊಡನೆ ಚರ್ಚಿಸಬೇಕು.

(ಉ) ಪಠ್ಯಪುಸ್ತಕವೇ ಪ್ರಮಾಣ: ಯಂತ್ರದ ಉತ್ತರಕ್ಕೂ ಪಠ್ಯಪುಸ್ತಕಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ಪಠ್ಯಪುಸ್ತಕವನ್ನು ಅನುಸರಿಸಿ, ಶಿಕ್ಷಕರ ಗಮನಕ್ಕೆ ತರಬೇಕು. ಊರಿನ ಕೆರೆ, ದೇವಾಲಯ, ಸ್ಥಳೀಯ ಇತಿಹಾಸದ ಬಗ್ಗೆ ಯಂತ್ರವು ಇಲ್ಲದ ಸಂಗತಿಯನ್ನು ಸೃಷ್ಟಿಸಿ ಹೇಳಬಹುದು. ಇಂತಹ ವಿಷಯಗಳಿಗೆ ಊರಿನ ಹಿರಿಯರನ್ನೇ ಕೇಳುವುದು ಒಳಿತು.

7. ಗ್ರಾಮ ಪಂಚಾಯಿತಿಯು ಮಾಡಬಹುದಾದ ಕಾರ್ಯಗಳು

ಬೋಧನಾ ಕ್ರಮವನ್ನು ನಿರ್ಧರಿಸುವುದು ಶಾಲಾ ಶಿಕ್ಷಣ ಇಲಾಖೆಯ ಕೆಲಸ. ಆದರೆ ಸಹಾಯಕರ ಸಿದ್ಧತೆಗೆ ಬೇಕಾದ ಪರಿಸರವನ್ನು ಒದಗಿಸುವಲ್ಲಿ ಪಂಚಾಯಿತಿಯ ಪಾತ್ರ ದೊಡ್ಡದು.

ಮೊದಲನೆಯದಾಗಿ, ಅರಿವು ಕೇಂದ್ರದಲ್ಲಿರುವ ಕಂಪ್ಯೂಟರ್ ಮತ್ತು ಅಂತರ್ಜಾಲ ಸಂಪರ್ಕವನ್ನು ವಾರದಲ್ಲಿ ನಿಗದಿತ ದಿನಗಳಂದು ಬೋಧನಾ ಸಹಾಯಕರ ಬಳಕೆಗೆ ಮೀಸಲಿಡಬಹುದು. ಹೊಸ ಉಪಕರಣವನ್ನು ಕೊಳ್ಳುವ ಮೊದಲು ಇರುವ ಉಪಕರಣವು ಕೆಲಸ ಮಾಡುತ್ತಿದೆಯೇ, ವಿದ್ಯುತ್ ಮತ್ತು ಸಂಪರ್ಕ ಸರಿಯಿದೆಯೇ ಎಂಬುದನ್ನು ಪರಿಶೀಲಿಸತಕ್ಕದ್ದು.

ಎರಡನೆಯದಾಗಿ, ಮುದ್ರಣದ ಸೌಲಭ್ಯವನ್ನು ಒದಗಿಸಬೇಕು. ಎಷ್ಟೇ ಉತ್ತಮ ಅಭ್ಯಾಸ ಹಾಳೆ ಮೊಬೈಲಿನಲ್ಲಿದ್ದರೂ ಮಗುವಿನ ಕೈಗೆ ಕಾಗದದ ರೂಪದಲ್ಲಿ ಬಾರದಿದ್ದರೆ ಪ್ರಯೋಜನವಿಲ್ಲ. ಒಂದು ಸಾಮಾನ್ಯ ಪ್ರಿಂಟರ್ ಮತ್ತು ವರ್ಷಕ್ಕೆ ಬೇಕಾಗುವ ಕಾಗದ ಹಾಗೂ ಶಾಯಿಯ ವೆಚ್ಚವು ದುಬಾರಿ ಸ್ಮಾರ್ಟ್ ಫಲಕದ ವೆಚ್ಚಕ್ಕಿಂತ ಬಹಳ ಕಡಿಮೆ. ಇದನ್ನು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಅನುದಾನದ ನಿಯಮಗಳಿಗೆ ಒಳಪಟ್ಟು ಸೇರಿಸಲು ಪರಿಶೀಲಿಸಬಹುದು.

ಮೂರನೆಯದಾಗಿ, ಸಿದ್ಧವಾದ ಸಾಮಗ್ರಿಯು ಊರಿನಲ್ಲಿಯೇ ಉಳಿಯುವಂತೆ ಮಾಡಬೇಕು. ಅತಿಥಿ ಶಿಕ್ಷಕರೂ ಸ್ವಯಂಸೇವಕರೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತಾರೆ. ಒಬ್ಬರು ಹೋದಾಗ ಅವರು ತಿದ್ದಿ ತೀಡಿದ ಹಾಳೆಗಳೂ ಅವರ ಮೊಬೈಲಿನೊಂದಿಗೆ ಹೋಗಿಬಿಡುತ್ತವೆ. ಪ್ರತಿಯೊಂದು ಹಾಳೆಯ ಒಂದು ಪ್ರತಿಯನ್ನು ತರಗತಿ ಮತ್ತು ವಿಷಯವಾರು ಕಡತದಲ್ಲಿ ಶಾಲೆಯಲ್ಲಿ ಹಾಗೂ ಅರಿವು ಕೇಂದ್ರದಲ್ಲಿ ಇರಿಸಿದರೆ ಮುಂದಿನ ವರ್ಷ ಬರುವವರು ಮೊದಲಿನಿಂದ ಆರಂಭಿಸಬೇಕಾಗುವುದಿಲ್ಲ.

ನಾಲ್ಕನೆಯದಾಗಿ, ಲಭ್ಯವಿರುವ ಮಾಹಿತಿಯನ್ನು ಬಳಸಬೇಕು. ಅಕ್ಷರ ಫೌಂಡೇಷನ್ ಸಹಯೋಗದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಡೆಯುವ ಗಣಿತ ಸ್ಪರ್ಧೆಗಳು ಹಲವು ಸದಸ್ಯರಿಗೆ ಪರಿಚಿತ. ಅಂತಹ ಸ್ಪರ್ಧೆ ನಡೆದಲ್ಲಿ ಬಹುಮಾನ ವಿತರಣೆಗೆ ನಿಲ್ಲದೆ, ಯಾವ ಬಗೆಯ ಲೆಕ್ಕದಲ್ಲಿ ಹೆಚ್ಚು ಮಕ್ಕಳು ತಪ್ಪಿದ್ದಾರೆ ಎಂಬುದನ್ನು ಶಿಕ್ಷಕರಿಂದ ಕೇಳಿ ತಿಳಿಯಬೇಕು. ಸಹಾಯಕರು ಯಾವುದಕ್ಕೆ ಸಿದ್ಧತೆ ಮಾಡಿಕೊಳ್ಳಬೇಕೆಂಬುದು ಅಲ್ಲಿಂದ ನಿರ್ಧಾರವಾಗುತ್ತದೆ.

ಐದನೆಯದಾಗಿ, ಖರೀದಿಯ ಪ್ರಸ್ತಾವ ಬಂದಲ್ಲಿ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ನಿಯಮಗಳನ್ನು ಪಾಲಿಸತಕ್ಕದ್ದು. ದಾನದ ರೂಪದಲ್ಲಿ ಉಚಿತವಾಗಿ ಬರುವ ಸಾಧನಗಳನ್ನೂ ಇಲಾಖೆಯ ಅಧಿಕಾರಿಗಳೊಡನೆ ಸಮಾಲೋಚಿಸದೆ ಸ್ವೀಕರಿಸಬಾರದು. ಉಚಿತ ಸಾಧನಕ್ಕೆ ಕೆಲವೊಮ್ಮೆ ಮಕ್ಕಳ ಮಾಹಿತಿಯೇ ಬೆಲೆಯಾಗಿರುತ್ತದೆ.

8. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಶಿಕ್ಷಣ ಹಕ್ಕು ಅಧಿನಿಯಮದ 21ನೆಯ ಪ್ರಕರಣವು ಶಾಲಾ ಸಮಿತಿಯಲ್ಲಿ ಪೋಷಕರು ಮತ್ತು ಶಿಕ್ಷಕರೊಡನೆ ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿಗಳಿಗೂ ಸ್ಥಾನ ನೀಡಿದೆ. ಕೃತಕ ಬುದ್ಧಿಮತ್ತೆಯ ಯಾವುದೇ ಸಾಧನದ ಬಗ್ಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಪ್ರಸ್ತಾಪ ಬಂದಾಗ ಸದಸ್ಯರು ಈ ಕೆಳಗಿನ ಪ್ರಶ್ನೆಗಳನ್ನು ಕೇಳಬಹುದು. ಇವುಗಳಿಗೆ ತಾಂತ್ರಿಕ ಜ್ಞಾನದ ಅಗತ್ಯವಿಲ್ಲ.

1) ಈ ಸಾಧನವನ್ನು ಬಳಸುವವರು ಯಾರು, ಮಗುವೋ ಕಲಿಸುವವರೋ?
2) ಇದು ಉತ್ತರವನ್ನು ಹೇಳಿಕೊಡುತ್ತದೆಯೇ ಅಥವಾ ಮಗುವಿಗೆ ಕೇಳಬೇಕಾದ ಪ್ರಶ್ನೆಯನ್ನು ಕಲಿಸುವವರಿಗೆ ಸೂಚಿಸುತ್ತದೆಯೇ?
3) ಇದರ ಕನ್ನಡವನ್ನು ನಮ್ಮ ಶಾಲೆಯ ಶಿಕ್ಷಕರು ಓದಿ ನೋಡಿದ್ದಾರೆಯೇ?
4) ಯಂತ್ರ ಕೊಟ್ಟದ್ದನ್ನು ಮಕ್ಕಳಿಗೆ ತಲುಪುವ ಮೊದಲು ಪರಿಶೀಲಿಸುವವರು ಯಾರು?
5) ಮಕ್ಕಳ ಯಾವ ಮಾಹಿತಿಯನ್ನು ಇದು ಪಡೆಯುತ್ತದೆ? ಪೋಷಕರಿಗೆ ತಿಳಿಸಲಾಗಿದೆಯೇ?
6) ಮೊದಲ ವರ್ಷದ ನಂತರ ಶುಲ್ಕ, ದುರಸ್ತಿ ಮತ್ತು ಸಂಪರ್ಕದ ವೆಚ್ಚವನ್ನು ಭರಿಸುವವರು ಯಾರು?
7) ವಿದ್ಯುತ್ ಅಥವಾ ಅಂತರ್ಜಾಲ ಇಲ್ಲದ ದಿನ ಪಾಠ ಹೇಗೆ ನಡೆಯುತ್ತದೆ?
8) ಆರು ತಿಂಗಳ ನಂತರ ಮಕ್ಕಳ ಕಲಿಕೆ ಹೆಚ್ಚಿದೆಯೆಂದು ಯಾವ ಆಧಾರದಿಂದ ತಿಳಿಯುವುದು?

ಕೊನೆಯ ಪ್ರಶ್ನೆಗೆ ಸರಳವಾದ ಒಂದು ಕ್ರಮವಿದೆ. ಯಂತ್ರದ ನೆರವಿನಿಂದ ಸಿದ್ಧತೆ ನಡೆಸಿ ಕಲಿಸಿದ ಮಕ್ಕಳಿಗೆ, ಯಂತ್ರವಿಲ್ಲದ ಕೋಣೆಯಲ್ಲಿ, ಹಿಂದೆ ನೋಡಿರದ ಒಂದು ಪುಟವನ್ನು ಓದಲು ಮತ್ತು ಐದು ಲೆಕ್ಕಗಳನ್ನು ಮಾಡಲು ಶಿಕ್ಷಕರು ಕೊಡಬೇಕು. ವರ್ಷದ ಆರಂಭದಲ್ಲಿ ಇದೇ ಮಟ್ಟದ ಪುಟ ಮತ್ತು ಲೆಕ್ಕವನ್ನು ಕೊಟ್ಟು ಫಲಿತಾಂಶವನ್ನು ಬರೆದಿಟ್ಟುಕೊಂಡಿದ್ದರೆ ಹೋಲಿಕೆ ಸುಲಭ. ಇದು ಮಕ್ಕಳ ಪರೀಕ್ಷೆಯಲ್ಲ, ವ್ಯವಸ್ಥೆಯ ಪರೀಕ್ಷೆ. ಆದುದರಿಂದ ಯಾವ ಮಗುವಿನ ಹೆಸರನ್ನೂ ಸಭೆಯಲ್ಲಿ ಓದಬಾರದು. ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳನ್ನೇ ನೇರವಾಗಿ ಕೇಳುವುದೂ ಒಂದು ದಾರಿ. ತಮಗೆ ಅರ್ಥವಾಗದಿದ್ದಾಗ ಪಕ್ಕದಲ್ಲಿ ಕುಳಿತು ಮತ್ತೊಮ್ಮೆ ಹೇಳಿಕೊಡುವವರು ಇದ್ದಾರೆಯೇ ಎಂಬ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರವು ಸಾಮಾನ್ಯವಾಗಿ ನೇರವಾಗಿರುತ್ತದೆ.

ಉಪಸಂಹಾರ

ಕೃತಕ ಬುದ್ಧಿಮತ್ತೆಯು ಹಳ್ಳಿಯ ಶಾಲೆಗೆ ಬೇಡವೆಂದು ಹೇಳಲು ಕಾರಣವಿಲ್ಲ. ಅದೊಂದರಿಂದಲೇ ಕಲಿಕೆ ಸುಧಾರಿಸುವುದೆಂದು ನಂಬಲೂ ಆಧಾರವಿಲ್ಲ. ಅಲ್ಪ ತರಬೇತಿ ಪಡೆದು, ಮಾರ್ಗದರ್ಶನವಿಲ್ಲದೆ, ಹಿಂದುಳಿದ ಮಕ್ಕಳ ಗುಂಪಿನೊಡನೆ ಒಂಟಿಯಾಗಿ ಕೂರುವ ಸಹಾಯಕರಿಗೆ ಹಿಂದಿನ ಸಂಜೆಯ ಸಿದ್ಧತೆಯಲ್ಲಿ ಅದು ನೆರವಾಗಬಲ್ಲದು. ಆ ನೆರವು ಮಗುವನ್ನು ತಲುಪಬೇಕಾದರೆ ಸಹಾಯಕರು ಇರಬೇಕು, ಅವರಿಗೆ ಸಮಯವಿರಬೇಕು, ಪರಿಶೀಲಿಸುವ ಶಿಕ್ಷಕರಿರಬೇಕು ಮತ್ತು ಹಾಳೆ ಮುದ್ರಿಸುವ ವ್ಯವಸ್ಥೆಯಿರಬೇಕು. ಇವುಗಳಲ್ಲಿ ಬಹುಪಾಲು ಗ್ರಾಮ ಪಂಚಾಯಿತಿಯ ಗಮನ ಮತ್ತು ಒತ್ತಾಯದಿಂದ ಸಾಧ್ಯವಾಗುವ ಕೆಲಸಗಳು.

ಸದಸ್ಯರು ಮುಂದಿನ ಬಾರಿ ಶಾಲೆಗೆ ಭೇಟಿ ನೀಡಿದಾಗ ಕಟ್ಟಡ ಮತ್ತು ನೀರಿನ ಪರಿಶೀಲನೆಯ ನಂತರ ಹತ್ತು ನಿಮಿಷ ಹಿಂದಿನ ಸಾಲಿನ ಮಕ್ಕಳ ಬಳಿ ಕುಳಿತು, ಅವರಿಗೆ ಕಲಿಸುವವರು ಯಾರು, ಆ ಕಲಿಸುವವರಿಗೆ ಏನು ಬೇಕಾಗಿದೆ ಎಂಬುದನ್ನು ಕೇಳಿ ತಿಳಿದು, ಅದನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸುವುದು ಅಪೇಕ್ಷಣೀಯ.